ಅಲ್ಪಪ್ರಾಣನ ಉಭಯೋಷ್ಠ್ಯ ಪ್ರಕರಣ

ನಮ್ಮ ಅಲ್ಪಪ್ರಾಣ ಧ್ವನಿಶಾಸ್ತ್ರವನ್ನು ಆರಿಸಿಕೊಂಡದ್ದು ಜ್ಞಾನದಾಹದಿಂದ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬಿ.ಎ. ತರಗತಿಗೆ ಐಚ್ಛಿಕ ವಿಷಯ ಬರೆಸುವ ದಿನ ಮನಃಶಾಸ್ತ್ರದ ಕಿಟಕಿಯ ಮುಂದಿನ ಸಾಲು ಮೆಟ್ಟಿಲಿಳಿದು ಸೈಕಲ್ ಸ್ಟ್ಯಾಂಡ್ ಮುಟ್ಟಿತ್ತು. ಪತ್ರಿಕೋದ್ಯಮದ ಸಾಲಿನಲ್ಲಿ ಆಗಲೇ ಹೊಡೆದಾಟವಾಗಿ, ಭಾವೀ ಪತ್ರಕರ್ತರೆಲ್ಲ ಅದನ್ನು ಬಿಟ್ಟು ಬೇರೇನೋ ಮಾತಾಡುತ್ತಿದ್ದರು. ಕೊನೆಯ ಕಿಟಕಿಯ ಮುಂದೆ ಮಾತ್ರ ಒಬ್ಬನೇ ಒಬ್ಬ ನಿಂತಿದ್ದ. ಆ ಒಬ್ಬ ನಾನು. ನಾನು ಅಲ್ಲಿ ನಿಂತದ್ದು ಒಳಗಿನ ಫ್ಯಾನಿನ ಗಾಳಿ ಆ ಕಿಟಕಿಯಿಂದ ಚೆನ್ನಾಗಿ ಬರುತ್ತಿತ್ತು ಎಂದು.

"ಇಲ್ಲಿ ಏನು ಕೊಡ್ತಾರೆ?" ಎಂದು ಕೇಳುತ್ತ ಅವನು ನನ್ನ ಹಿಂದೆ ಬಂದು ನಿಂತ.

"ಗಾಳಿ" ಎಂದೆ.

ಕಿಟಕಿಯ ಗುಮಾಸ್ತರು ಇಡೀ ಬೆಳಗ್ಗೆ ನೊಣ ಹೊಡೆಯುತ್ತ ಕೂತಿದ್ದವರು, ಎರಡು ಮುಖ ಕಂಡದ್ದೇ ತಡ, ನಮ್ಮ ಹೆಸರು ಬರೆದು ಸೀಲು ಒತ್ತಿಬಿಟ್ಟರು. ಹೀಗೆ ಧ್ವನಿಶಾಸ್ತ್ರವೇ ನಮ್ಮನ್ನು ಆರಿಸಿಕೊಂಡಿತು.

ಅವನಿಗೆ ಅಲ್ಪಪ್ರಾಣ ಎಂಬ ಹೆಸರು ಬಿದ್ದದ್ದು ಮೊದಲ ವಾರದಲ್ಲೇ. ನಮ್ಮ ಮೇಡಂ ಪೇಪರು ಕತ್ತರಿಸಿ ಉದ್ದುದ್ದ ಚೀಟಿ ಮಾಡಿ, ಎಲ್ಲರಿಗೂ ಹಂಚಿ, ತುಟಿಯ ಮುಂದೆ ಹಿಡಿದುಕೊಳ್ಳಲು ಹೇಳಿದರು. 'ಪ' ಎಂದರೆ ಚೀಟಿ ಸುಮ್ಮನಿರಬೇಕು. ಒಳಗಿನ ಉಸಿರು ಜೋರಾಗಿ ಹೊರಡುವ ಮಹಾಪ್ರಾಣ 'ಫ' ಎಂದರೆ ಪಟಪಟ ಅಲುಗಬೇಕು. ಎಲ್ಲರ ಚೀಟಿಯೂ ಅಲುಗಿತು. ಇವನದು ಗೋಡೆಗೆ ಅಂಟಿಸಿದ ಹಾಗೆ ನಿಂತಿತ್ತು. ಮೇಡಂ ಹತ್ತಿರ ಬಂದು ನೋಡಿದರು. ಮತ್ತೆ ಹೇಳಿಸಿದರು. ಊಹೂಂ.

"ಏನಪ್ಪಾ, ನೀನು ಬದುಕಿದ್ದೀಯಾ?"

"ಇದ್ದೀನಿ ಮೇಡಂ."

ಆ ಮಾತಿಗೂ ಚೀಟಿ ಅಲುಗಲಿಲ್ಲ. "ನಿನ್ನದು ಬರೀ ಅಲ್ಪಪ್ರಾಣ ಕಣಯ್ಯಾ" ಎಂದು ಮೇಡಂ ನಿಟ್ಟುಸಿರಿಟ್ಟರು. ಆ ನಿಟ್ಟುಸಿರಿಗೆ ಚೀಟಿ ಅಲುಗಿತು. ಅಂದಿನಿಂದ ತಂದೆತಾಯಿ ಇಟ್ಟ ಹೆಸರು ಹಾಜರಿಗೆ ಮಾತ್ರ ಉಳಿಯಿತು.

ಮೇಡಂ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ನಾವು ಏನು ಹೇಳುತ್ತೇವೆ ಎಂಬುದನ್ನು ಎಂದೂ ಕೇಳಿಸಿಕೊಂಡವರಲ್ಲ. ಬಾಯಿಯ ಯಾವ ಮೂಲೆಯಿಂದ ಹೇಳುತ್ತೇವೆ ಎಂಬುದನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದರು. ಹಿಂದಿನ ಬೆಂಚಿನವನೊಬ್ಬ ಒಂದು ದಿನ ಅಳುಮುಖ ಹೊತ್ತು ಬಂದು, "ಮೇಡಂ, ನಮ್ಮ ತಾತ ತೀರ್ಕೊಂಡ್ರು, ರಜೆ ಬೇಕು" ಎಂದ. ಮೇಡಂ ಮುಖ ಅರಳಿತು. "ಸಾಲಾಗಿ ಮೂರು ತಕಾರ! ಒಂದೊಂದೂ ಹಲ್ಲಿಗೆ ಎಷ್ಟು ಚೆನ್ನಾಗಿ ತಾಗಿದೆ ನೋಡಿ! ಇಲ್ಲಿ ಬಾ, ಎಲ್ಲರಿಗೂ ಕೇಳೋ ಹಾಗೆ ಇನ್ನೊಂದ್ಸಲ ಹೇಳು." ಆ ಹುಡುಗ ತನ್ನ ತಾತನ ಸಾವನ್ನು ಇಡೀ ತರಗತಿಗೆ ಮತ್ತೆ ಮತ್ತೆ ಸಾರಬೇಕಾಯಿತು. ಕೊನೆಗೆ ನಾವೆಲ್ಲ ಸೇರಿ ಒಕ್ಕೊರಲಿನಿಂದ ಸಾರಿದೆವು. ರಜೆ ಮಾತ್ರ ಸಿಗಲಿಲ್ಲ.

ಮನೆಯಲ್ಲಿ ಅಲ್ಪಪ್ರಾಣನ ಕಥೆ ಬೇರೆಯೇ. ಅವನ ಅಪ್ಪ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಬಾಡಿಗೆ ಮನೆ, ಒಂದು ಅಂಗಳಕ್ಕೆ ನಾಲ್ಕೂ ಕಡೆಯಿಂದ ಬಾಲ್ಕನಿಗಳು ಇಣುಕುವ ಹಳೆಯ ಕಟ್ಟಡದ ಮೊದಲ ಮಹಡಿ. "ಧ್ವನಿಶಾಸ್ತ್ರ ಅಂದ್ರೆ ಏನೋ?" ಎಂದು ಅಪ್ಪ ಕೇಳಿದಾಗ ಮಗನಿಗೂ ಗೊತ್ತಿರಲಿಲ್ಲ. ಪುಸ್ತಕ ತೆರೆದ. ತಲೆಯನ್ನು ನಡುವೆ ಸೀಳಿ ಮೂಗು, ನಾಲಿಗೆ, ಕಿರುನಾಲಿಗೆ, ಗಂಟಲು ಎಲ್ಲ ತೋರಿಸಿದ ಚಿತ್ರ ಬಂತು. "ಇದನ್ನೆಲ್ಲ ಓದ್ತೀವಿ" ಎಂದ.

ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಸುದ್ದಿ: ಟೈಮ್ ಕೀಪರ್ ಮಗ ಗಂಟಲು ಡಾಕ್ಟರಾಗುತ್ತಿದ್ದಾನೆ.

"ಅಲ್ಲ" ಎನ್ನಲು ಎರಡಕ್ಷರ ಸಾಕಿತ್ತು. ಎರಡರಲ್ಲಿ ಒಂದಕ್ಕೂ ಮಹಾಪ್ರಾಣ ಬೇಕಿರಲಿಲ್ಲ. ಆದರೂ ಅಲ್ಪಪ್ರಾಣ ಅದನ್ನು ಹೇಳಲಿಲ್ಲ. ಕಟ್ಟಡದ ಸೆಕ್ರೆಟರಿ ತಾವೇ ಮೆಟ್ಟಿಲು ಹತ್ತಿ ಬಂದು ಬಾಯಿ ತೆರೆದು ನಿಂತಾಗ, ಇವನು ಟಾರ್ಚು ಬಿಟ್ಟು ನೋಡಿ, "ಕಿರುನಾಲಿಗೆ ಒಳ್ಳೇ ಕಡೆ ಇದೆ" ಎಂದು ಗಂಭೀರವಾಗಿ ಹೇಳಿದ. ಸೆಕ್ರೆಟರಿ ಅದು ಇನ್ನೆಲ್ಲೋ ಇರಬಹುದೆಂಬ ಭಯದಿಂದ ಪಾರಾದವರ ಹಾಗೆ ಖುಷಿಯಿಂದ ಇಳಿದು ಹೋದರು. ಅವನ ಅಮ್ಮ ನೆರೆಯವರ ಎದುರು ಮಗನನ್ನು ಬಹುವಚನದಲ್ಲಿ ಕರೆಯತೊಡಗಿದರು.

ಎಲ್ಲ ಕೆಟ್ಟದ್ದು ಮೇಡಂ ಕ್ಲಿಕ್ ಪಾಠಕ್ಕೆ ಬಂದಾಗ. ದೂರದ ಕೆಲವು ಭಾಷೆಗಳಲ್ಲಿ ಗಾಳಿಯನ್ನು ಹೊರಗೆ ಬಿಡದೆ ಒಳಗೆ ಎಳೆದುಕೊಂಡು ಅಕ್ಷರ ಹುಟ್ಟಿಸುತ್ತಾರಂತೆ. ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಎಳೆದರೆ ಒಂದು ಕ್ಲಿಕ್ಕು. ಅಯ್ಯೋ ಪಾಪ ಎನ್ನುವಾಗ ನಾವು ಲೊಚಗುಟ್ಟುತ್ತೇವಲ್ಲ, ಅದು. ಕೆನ್ನೆಯ ಪಕ್ಕದಿಂದ ಎಳೆದರೆ ಇನ್ನೊಂದು. ಕುದುರೆ ಓಡಿಸುವವರು ಮಾಡುವ ಸದ್ದು. ಎರಡೂ ತುಟಿ ಸೇರಿಸಿ ಎಳೆದು ಬಿಟ್ಟರೆ ಮತ್ತೊಂದು. ಅದನ್ನು ಸಾಮಾನ್ಯ ಜನ ಯಾವಾಗ ಮಾಡುತ್ತಾರೆಂದು ಮೇಡಂ ಹೇಳಲಿಲ್ಲ. ತರಗತಿಯಲ್ಲಿ ಯಾರೂ ಕೇಳಲೂ ಇಲ್ಲ. ಶಾಸ್ತ್ರದಲ್ಲಿ ಅದರ ಹೆಸರು ಉಭಯೋಷ್ಠ್ಯ. ಉಭಯ ಎಂದರೆ ಎರಡು, ಓಷ್ಠ ಎಂದರೆ ತುಟಿ. ಇಷ್ಟು ನೆನಪಿಟ್ಟುಕೊಳ್ಳಿ, ಮುಂದೆ ಒಂದು ಸಂಸಾರ ಇದರ ಮೇಲೆ ನಿಂತಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದು ಈ ಸದ್ದುಗಳನ್ನೆಲ್ಲ ಮಾಡಿಸುತ್ತಾರೆ ಎಂದು ಮೇಡಂ ಎಚ್ಚರಿಸಿದರು. ಅಲ್ಪಪ್ರಾಣನ ಉಭಯೋಷ್ಠ್ಯ ಒಡೆದ ಬಲೂನಿನ ಹಾಗೆ ಬರುತ್ತಿತ್ತು. "ಕನ್ನಡಿ ಹಿಡ್ಕೋ, ಬೆಳಕಲ್ಲಿ ನಿಂತ್ಕೋ, ತುಟಿ ನೋಡ್ಕೊಂಡು ಅಭ್ಯಾಸ ಮಾಡು" ಎಂದರು.

ಆಜ್ಞಾಧಾರಕ ಶಿಷ್ಯ ಮಾರನೆಯ ಬೆಳಗ್ಗೆ ಅಪ್ಪನ ಶೇವಿಂಗ್ ಕನ್ನಡಿ ಹಿಡಿದು ಬಾಲ್ಕನಿಗೆ ಬಂದ. ಎದುರು ಬಾಲ್ಕನಿಯಲ್ಲಿ ನಿವೃತ್ತ ರಿಜಿಸ್ಟ್ರಾರರ ಹೆಂಡತಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ಕನ್ನಡಿಗೆ ಬಿದ್ದ ಬಿಸಿಲು ನೇರ ಅವರ ಮುಖಕ್ಕೆ ಹೋಗಿ ಕೂತಿತು. ಅವರು ಕಣ್ಣು ಕಿರಿದು ಮಾಡಿ ಈ ಕಡೆ ನೋಡಿದರು. ಅಷ್ಟರಲ್ಲಿ, ಇಷ್ಟು ದಿನ ಬಾರದ ಉಭಯೋಷ್ಠ್ಯ, ಸ್ಪಷ್ಟವಾಗಿ, ದುಂಡಗೆ, ಅಂಗಳದ ನಾಲ್ಕೂ ಗೋಡೆಗೆ ಬಡಿದು ಪ್ರತಿಧ್ವನಿಸುವ ಹಾಗೆ ಬಂತು. ಖುಷಿಯಲ್ಲಿ ಅಲ್ಪಪ್ರಾಣ ಇನ್ನೊಂದು ಬಿಟ್ಟ. ನೀರಿನ ಡಬ್ಬ ಕೆಳಗೆ ಬಿತ್ತು. ಬಿದ್ದದ್ದು ನೋಡಿ ಇವನು ಅಭ್ಯಾಸಬಲದಿಂದ ಲೊಚಗುಟ್ಟಿದ. ಪೇಪರಿನ ಹಿಂದಿನಿಂದ ರಿಜಿಸ್ಟ್ರಾರರ ಮುಖ ಮೇಲೆದ್ದಿತು.

ರಿಜಿಸ್ಟ್ರಾರರು ಕೆಲಸದಲ್ಲಿದ್ದ ಕಾಲಕ್ಕೆ ಯಾವ ಅರ್ಜಿಯನ್ನೂ ಮೂರು ಸಲ ಅಲೆಸದೆ ಮುಟ್ಟಿದವರಲ್ಲ. ಆದರೆ ಅಂದು ಪಂಚೆ ಎತ್ತಿಕಟ್ಟಿ ಕ್ಷಣದಲ್ಲಿ ಟೈಮ್ ಕೀಪರ್ ಬಾಗಿಲಿಗೆ ಬಂದರು.

"ರೀ ಟೈಮ್ ಕೀಪರ್! ಹೊರಗೆ ಬನ್ರೀ!"

"ಏನ್ ಸರ್, ಬೆಳಗ್ಗೆ ಬೆಳಗ್ಗೆ?"

"ನಿಮ್ಮ ಮಗ ನಮ್ಮ ಮನೆಯವಳಿಗೆ ಮುತ್ತು ಕೊಟ್ಟ!"

"ಅಯ್ಯೋ! ಎಲ್ಲಿ?"

"ಗಾಳೀಲಿ!"

ಅಪ್ಪ ಸ್ವಲ್ಪ ಉಸಿರು ಬಿಟ್ಟರು. ಬೋರ್ಡಿಲ್ಲದ ಬಸ್ಸನ್ನು ಡಿಪೋದಿಂದ ಹೊರಡಲು ಬಿಡದ ಮನುಷ್ಯ ಅವರು. "ಗಾಳೀಲಿ ಬಿಟ್ಟಿದ್ದು ನಿಮ್ಮ ಮನೆಗೇ ಹೊರಟಿತ್ತು ಅಂತ ಹೇಗೆ ಹೇಳ್ತೀರಿ ಸರ್?"

"ಅದನ್ನೇ ನಾನೂ ಹೇಳೋದು" ಎಂದು ಪಕ್ಕದ ಬಾಲ್ಕನಿಯಿಂದ ಟೈಲರ್ ಹೆಂಡತಿ ಬಗ್ಗಿದರು. "ಹುಡುಗ ನಿಂತಿದ್ದು ನಮ್ಮ ಕಡೆ ಮುಖ ಮಾಡಿ."

ಒಳಗಿನಿಂದ ಟೈಲರು ಟೇಪು ಕೊರಳಲ್ಲಿಟ್ಟುಕೊಂಡೇ ಓಡಿ ಬಂದ. "ಏನೇ ಅದು ನಮ್ಮ ಕಡೆ?"

"ಬೆಳಕು ಬಿದ್ದಿದ್ದು ನನ್ನ ಮುಖಕ್ಕೆ" ಎಂದು ಎದುರು ಬಾಲ್ಕನಿಯಿಂದ ರಿಜಿಸ್ಟ್ರಾರರ ಹೆಂಡತಿ ಮೆಲ್ಲಗೆ ಹೇಳಿದರು. ದನಿ ಮೆತ್ತಗಿತ್ತು, ಆದರೆ ಒಂದಿಂಚೂ ಬಿಟ್ಟುಕೊಡುವ ದನಿಯಾಗಿರಲಿಲ್ಲ.

"ಬೆಳಕು ಎಲ್ಲಿಗಾದ್ರೂ ಬೀಳುತ್ತೆ ಅಕ್ಕಾ, ನೋಟ ಎಲ್ಲಿತ್ತು ಅನ್ನೋದು ಮುಖ್ಯ" ಎಂದರು ಟೈಲರ್ ಹೆಂಡತಿ.

"ಸರ್, ನನ್ನ ಮಗ ಅಂಥವನಲ್ಲ" ಎಂದರು ಅಪ್ಪ. "ಅವನು ಗಂಟಲು ಓದ್ತಾ ಇದ್ದಾನೆ."

"ಗಂಟಲು ಓದೋನಿಗೆ ತುಟಿ ಯಾಕ್ರೀ?"

ಅಪ್ಪ ತಿರುಗಿ ಮಗನನ್ನು ನೋಡಿದರು. ಅಲ್ಪಪ್ರಾಣ ಬೆವರುತ್ತ, ಸತ್ಯಕ್ಕೆ ಜಯವಿದೆ ಎಂಬ ಮುಗ್ಧ ನಂಬಿಕೆಯಿಂದ ಬಾಯಿ ಬಿಟ್ಟ.

"ಅಪ್ಪಾ, ಅದು ಉಭಯ... ಉಭಯೋಷ್ಠ್ಯ."

ಒಳಗಿನಿಂದ ಅಮ್ಮ ಎದೆ ಬಡಿದುಕೊಂಡರು. "ಅಯ್ಯಯ್ಯೋ! ಉಭಯ ಅಂದ! ಇಬ್ಬರಿಗೂ ಕೊಟ್ಟನಂತೆ!"

ಸಂಜೆ ಗಾಡಿ ನಿಲ್ಲಿಸುವ ಅಂಗಳದಲ್ಲಿ ಸಭೆ. ಸೆಕ್ರೆಟರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನ್ಯಾಯಮೂರ್ತಿಗಳಾಗಿದ್ದರು. ಆರೋಪಿಯ ಸಹಪಾಠಿ ಎಂದು ನನ್ನನ್ನೂ ಕರೆಸಿದ್ದರು. "ಆರೋಪಿ ಉಭಯ ಅಂತ ಒಪ್ಪಿಕೊಂಡಿದ್ದಾನೆ" ಎಂದು ರಿಜಿಸ್ಟ್ರಾರರು ವಾದ ಮಂಡಿಸಿದರು. ನಾನು ಎದ್ದು ನಿಂತು ಶಾಸ್ತ್ರವನ್ನೆಲ್ಲ ವಿವರಿಸಿದೆ. ಎಲ್ಲರೂ ತಲೆದೂಗಿದರು. ನನ್ನ ದುರದೃಷ್ಟಕ್ಕೆ, ಇಷ್ಟು ಚೆನ್ನಾಗಿ ನಡೆಯುತ್ತಿದೆಯಲ್ಲ, ಒಂದು ಉದಾಹರಣೆ ಕೊಟ್ಟುಬಿಡೋಣ ಎನ್ನಿಸಿತು. ಸೆಕ್ರೆಟರಿಯ ಕಡೆ ತಿರುಗಿ ಒಂದು ಉಭಯೋಷ್ಠ್ಯ ಬಿಟ್ಟೆ.

ಸೆಕ್ರೆಟರಿ ಕುರ್ಚಿ ಸಮೇತ ಹಿಂದಕ್ಕೆ ಸರಿದರು. "ನೋಡಿ, ನೋಡಿ! ನನಗೂ ಕೊಟ್ಟ!"

ಆಮೇಲೆ ವಾದಕ್ಕೆ ಅವಕಾಶವಿರಲಿಲ್ಲ. ನಾಳೆ ಸಂಜೆಯೊಳಗೆ ಕಾಲೇಜಿನ ಆ ಮೇಡಮ್ಮು ಬಂದು ಸಮಜಾಯಿಷಿ ಕೊಡಬೇಕು, ಇಲ್ಲವಾದರೆ ಟೈಮ್ ಕೀಪರ್ ಸಂಸಾರ ಮನೆ ಖಾಲಿ ಮಾಡಬೇಕು ಎಂದು ತೀರ್ಪಾಯಿತು. ಅಷ್ಟಕ್ಕೂ ಸಮಾಧಾನವಾಗದೆ ರಿಜಿಸ್ಟ್ರಾರರು ಅಲ್ಲೇ ನಿಂತು ಪೊಲೀಸ್ ಠಾಣೆಗೆ ಫೋನ್ ಮಾಡಿದರು. ಠಾಣೆಯವರು ಎಂದಿನ ಚುರುಕಿನಿಂದ, ನಾಳೆ ಬರುತ್ತೇವೆ ಎಂದರು. ಅಲ್ಪಪ್ರಾಣನ ಅಮ್ಮ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ನಡುಮನೆಯಲ್ಲಿಟ್ಟು, ಮಗನನ್ನು ಮತ್ತೆ ಏಕವಚನಕ್ಕೆ ಇಳಿಸಿದರು.

ಮೇಡಂ ಮಾರನೆಯ ಸಂಜೆ ಬಂದೇ ಬಂದರು. ರಿಜಿಸ್ಟ್ರಾರರು ಇಡೀ ದಿನ ತಯಾರಿ ಮಾಡಿಕೊಂಡಿದ್ದ ಸಿಟ್ಟನ್ನು ಒಮ್ಮೆಲೇ ಬಿಚ್ಚಿದರು.

"ಏನಮ್ಮಾ, ಕಾಲೇಜಲ್ಲಿ ಇದನ್ನೇ ಕಲಿಸೋದಾ? ಇದು ಮರ್ಯಾದಸ್ಥರು ವಾಸ ಮಾಡೋ ಜಾಗ!"

ಮೇಡಂ ಕಣ್ಣು ಮುಚ್ಚಿಕೊಂಡರು. ಪಶ್ಚಾತ್ತಾಪ ಎಂದು ಎಲ್ಲರೂ ಭಾವಿಸಿದರು. ಅವರು ಕಣ್ಣು ತೆರೆದು, "ಇನ್ನೊಂದ್ಸಲ ಹೇಳಿ ಸರ್" ಎಂದರು.

"ಮರ್ಯಾದಸ್ಥರು..."

"ಆ 'ರ್ಯಾ'! ಆ 'ರ್ಯಾ' ಎಲ್ಲಿಂದ ಬಂತು ಗೊತ್ತಾ ಸರ್ ನಿಮಗೆ?"

"ನಮ್ಮ ಮನೆತನದಿಂದ" ಎಂದರು ರಿಜಿಸ್ಟ್ರಾರರು ಎದೆಯುಬ್ಬಿಸಿ.

"ಇಲ್ಲ ಸರ್, ಕಿರುನಾಲಿಗೆಯಿಂದ! ನಾವೆಲ್ಲ ರಕಾರವನ್ನು ನಾಲಿಗೆಯ ತುದಿಯಲ್ಲಿ ಹೇಳ್ತೀವಿ. ನಿಮ್ಮದು ಗಂಟಲ ಹತ್ತಿರ ನಡುಗುತ್ತೆ. ಪುಸ್ತಕದಲ್ಲಿ ಓದಿದ್ದೆ, ಕಿವಿಯಾರೆ ಕೇಳಿದ್ದು ಇವತ್ತೇ. ದಯವಿಟ್ಟು ಇನ್ನೂ ಸ್ವಲ್ಪ ಬೈಯಿರಿ." ಮೇಡಂ ಫೋನು ತೆಗೆದು ರೆಕಾರ್ಡಿಗೆ ಹಿಡಿದರು.

ನಿವೃತ್ತರಾದ ಮೇಲೆ ರಿಜಿಸ್ಟ್ರಾರರ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದವರು ಯಾರೂ ಇರಲಿಲ್ಲ. ಒಮ್ಮೆಯೂ ಹೇಳಬೇಡಿ ಎಂದವರೇ ಎಲ್ಲ, ಮನೆಯವರೂ ಸೇರಿ. ಅವರು ಗಂಟಲು ಸರಿಮಾಡಿಕೊಂಡು "ದುರುಳ, ದುರಹಂಕಾರಿ, ದುರ್ಮಾರ್ಗಿ" ಎಂದು ರಕಾರ ಇರುವ ಬೈಗುಳಗಳನ್ನೇ ಹುಡುಕಿ ಹುಡುಕಿ ಬೈದರು. ಬೈಯುತ್ತ ಬೈಯುತ್ತ ಸಿಟ್ಟೆಲ್ಲ ಖಾಲಿಯಾಗಿ, ಮುಖದಲ್ಲಿ ಸಂಗೀತಗಾರನ ತೃಪ್ತಿ ಮೂಡಿತು.

"ಇನ್ನು ಆ ಹುಡುಗನ ವಿಷಯ" ಎಂದು ಮೇಡಂ ಸಭೆಯತ್ತ ತಿರುಗಿದರು. "ನೀವೇ ಮಾಡಿ ನೋಡಿ. ಮುತ್ತು ಬೇರೆ, ಇದು ಬೇರೆ ಅಂತ ಗೊತ್ತಾಗುತ್ತೆ. ಎಲ್ಲರೂ ಸಾಲಾಗಿ ನಿಂತ್ಕೊಳ್ಳಿ."

ಸರ್ಕಾರಿ ದನಿಗೆ ಹೆದರುವ ಜನ ಮೇಷ್ಟ್ರ ದನಿಗೂ ಹೆದರುತ್ತಾರೆ. ಎಲ್ಲರೂ ನಿಂತರು. ಸೆಕ್ರೆಟರಿಯದು ಬಾಟಲಿ ಬಿರಡೆ ತೆಗೆದ ಹಾಗೆ ಬಂತು. ಟೈಲರು ಬಾಯಲ್ಲಿದ್ದ ಗುಂಡುಸೂಜಿಯನ್ನು ಕೈಗೆ ತೆಗೆದುಕೊಂಡು ಪ್ರಯತ್ನಿಸಿದ. ಅಪ್ಪನದು ಡಿಪೋದ ಸೀಟಿಯಾಗಿ ಹೊರಟಿತು. ರಿಜಿಸ್ಟ್ರಾರರ ಹೆಂಡತಿ ಮಾತ್ರ ಮೊದಲ ಸಲಕ್ಕೇ, ಎಲ್ಲರೂ ತಿರುಗಿ ನೋಡುವಷ್ಟು ಚೊಕ್ಕವಾಗಿ ಮಾಡಿಬಿಟ್ಟರು. "ಪರ್ಫೆಕ್ಟ್!" ಎಂದರು ಮೇಡಂ. "ಎಲ್ಲಿ ಕಲಿತೆ?" ಎಂದರು ರಿಜಿಸ್ಟ್ರಾರರು. ಅವರು ಉತ್ತರಿಸುವಷ್ಟರಲ್ಲಿ ಮೇಡಂ ಕೈಯೆತ್ತಿ, "ಎಲ್ಲರೂ ಒಟ್ಟಿಗೆ!" ಎಂದರು.

ಹೆಡ್ ಕಾನ್‌ಸ್ಟೇಬಲ್ ಗೇಟು ತಳ್ಳಿಕೊಂಡು ಒಳಗೆ ಬಂದದ್ದು ಸರಿಯಾಗಿ ಆಗ.

ಮರ್ಯಾದಸ್ಥರ ದೊಡ್ಡದೊಂದು ಗುಂಪು, ಗಂಡಸರು, ಹೆಂಗಸರು, ಮೊಮ್ಮಕ್ಕಳಿರುವವರು, ತುಟಿ ಮುಂದೆ ಮಾಡಿ ತನ್ನತ್ತಲೇ ತಿರುಗಿ ಒಟ್ಟಿಗೆ ಗಾಳಿಯಲ್ಲಿ ಮುತ್ತು ಬಿಡುವುದನ್ನು ಅವರು ಕಂಡರು. ಟೋಪಿ ತೆಗೆದು ತಲೆ ಒರೆಸಿಕೊಂಡರು. ಮತ್ತೆ ಹಾಕಿಕೊಂಡರು.

"ಗಾಳೀಲಿ ಮುತ್ತು ಬಿಡ್ತಾರೆ ಅಂತ ಕಂಪ್ಲೇಂಟ್ ಬಂದಿತ್ತು" ಎಂದರು. "ಯಾರು ಬಿಟ್ಟಿದ್ದು?"

ಸೂಜಿ ಬಿದ್ದರೆ ಕೇಳುವಂಥ ಮೌನ. ಟೈಲರನ ಕೈಯಲ್ಲಿದ್ದ ಸೂಜಿ ಬಿತ್ತು, ಕೇಳಿಸಿತು.

"ಕಂಪ್ಲೇಂಟ್ ಕೊಟ್ಟೋರು ಯಾರು?"

ರಿಜಿಸ್ಟ್ರಾರರು ಇನ್ನೂ ಮುಂದಕ್ಕೆ ಚಾಚಿಕೊಂಡಿದ್ದ ತುಟಿಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡರು. "ನಾನೇ ಸಾರ್. ಆದರೆ ಅದು... ಪಾಠ."

"ಪಾಠವಾ?"

"ಪರೀಕ್ಷೆಗೆ ಬರುತ್ತೆ" ಎಂದರು ಮೇಡಂ.

ಹೆಡ್ ಕಾನ್‌ಸ್ಟೇಬಲ್ ಅಲ್ಲೇ ತೀರ್ಮಾನಿಸಿದರು. "ಸರಿ. ಪರೀಕ್ಷೆ ಯಾವಾಗ? ನಾನೂ ಬರ್ತೀನಿ. ಹುಡುಗ ಪಾಸಾದ್ರೆ ವಿದ್ಯೆ. ಫೇಲಾದ್ರೆ ಪೋಲಿತನ. ಆಗ ಎಲ್ಲರ ಮೇಲೂ ಕೇಸು."

ಅಲ್ಲಿಗೆ ಅಲ್ಪಪ್ರಾಣನ ಪರೀಕ್ಷೆ ಇಡೀ ಕಟ್ಟಡದ ಪರೀಕ್ಷೆಯಾಯಿತು. ಮನೆ ಖಾಲಿ ಮಾಡಿ ಎಂದವರೇ ಈಗ ಬೆಳಗಾದರೆ ಬಾಲ್ಕನಿಯಿಂದ, "ಎದ್ದಿದ್ದೀಯೇನೋ? ಎಲ್ಲಿ, ಒಂದ್ಸಲ ಮಾಡು" ಎಂದು ಕೂಗತೊಡಗಿದರು. ರಿಜಿಸ್ಟ್ರಾರರ ಹೆಂಡತಿ ಗುರುಸ್ಥಾನ ವಹಿಸಿಕೊಂಡು ಎದುರಿನಿಂದ ಮಾಡಿ ತೋರಿಸುವರು. ಇವನು ಈಚೆಯಿಂದ ಅನುಸರಿಸುವನು. ನಡುವೆ ರಿಜಿಸ್ಟ್ರಾರರು ಪೇಪರು ಮುಂದೆ ಹಿಡಿದು, ಒಂದಕ್ಷರವನ್ನೂ ಓದದೆ ಮೇಲ್ವಿಚಾರಣೆ ನಡೆಸುವರು. ಆದರೆ ಇಷ್ಟು ಜನ ತನ್ನ ತುಟಿಯನ್ನೇ ದಿಟ್ಟಿಸತೊಡಗಿದ ಮೇಲೆ ಅಲ್ಪಪ್ರಾಣನಿಗೆ ಬರುತ್ತಿದ್ದದ್ದೂ ಹೋಯಿತು. ಊಟಕ್ಕೆ ಬಾಯಿ ತೆರೆಯಲೂ ಅವನು ನಾಚತೊಡಗಿದ.

ಪರೀಕ್ಷೆಯ ದಿನ ಕಾಲೇಜಿನ ಪಡಸಾಲೆಯಲ್ಲಿ ಜಾಗವಿರಲಿಲ್ಲ. ಅಪ್ಪ, ಅಮ್ಮ, ಸೆಕ್ರೆಟರಿ, ಟೈಲರ್ ದಂಪತಿ, ರಿಜಿಸ್ಟ್ರಾರ್ ದಂಪತಿ, ಎಲ್ಲರೂ ಪರೀಕ್ಷೆ ಕೋಣೆಯ ಕಿಟಕಿಗೆ ಅಂಟಿಕೊಂಡಿದ್ದರು. ಹಿಂದೆ ಹೆಡ್ ಕಾನ್‌ಸ್ಟೇಬಲ್ ಲಾಠಿ ಹಿಡಿದು ವಿದ್ಯೆಗಾಗಿ ಕಾಯುತ್ತಿದ್ದರು. ಅಲ್ಪಪ್ರಾಣನ ನಂತರದ ಸರದಿ ನನ್ನದು. ನಾನು ಬಾಗಿಲಲ್ಲೇ ನಿಂತಿದ್ದೆ.

ಪರೀಕ್ಷಕರು ಬೇರೆ ಕಾಲೇಜಿನ ಹಿರಿಯರು. ಕೂದಲಿಗೆ ಹೊಸದಾಗಿ ಬಣ್ಣ ಬಿದ್ದಿತ್ತು, ಮುಖಕ್ಕೆ ನಗು ಬಿದ್ದು ಬಹಳ ವರ್ಷವಾಗಿತ್ತು. ತಲೆಯೆತ್ತದೆ, "ಉಭಯೋಷ್ಠ್ಯ ಕ್ಲಿಕ್ ಮಾಡಿ" ಎಂದರು.

ಅಲ್ಪಪ್ರಾಣ ತುಟಿ ಸೇರಿಸಿದ. ಕಣ್ಣು ಕಿಟಕಿಯತ್ತ ಹೋಯಿತು. ಲಾಠಿ ಕಂಡಿತು. ತುಟಿಗಳು ಅಲ್ಲೇ ಒಣಗಿ ಅಂಟಿಕೊಂಡವು.

"ಮಾಡಪ್ಪಾ."

ಅಲ್ಪಪ್ರಾಣನ ಕೆನ್ನೆ ಒಳಗೆ ಹೋಯಿತು, ಕಣ್ಣು ಹೊರಗೆ ಬಂತು, ಸದ್ದು ಮಾತ್ರ ಎಲ್ಲಿಂದಲೂ ಬರಲಿಲ್ಲ. ಪರೀಕ್ಷಕರ ಪೆನ್ನು ಸೊನ್ನೆ ಬರೆಯಲು ಕೆಳಗಿಳಿಯುತ್ತಿತ್ತು. ಇನ್ನು ತಡೆಯಲಾರದೆ ಕಿಟಕಿಯಿಂದ ರಿಜಿಸ್ಟ್ರಾರರ ಹೆಂಡತಿ ಒಂದು ಬಿಟ್ಟರು.

ಅಂಥ ಉಭಯೋಷ್ಠ್ಯ ಆ ಕಾಲೇಜಿನಲ್ಲಿ ಹಿಂದೆ ಕೇಳಿಬಂದಿರಲಿಲ್ಲ. ಪರೀಕ್ಷಕರ ಪೆನ್ನು ನಿಂತಿತು. ತಲೆ ಮೇಲೆದ್ದಿತು, ಆದರೆ ಅಭ್ಯರ್ಥಿಯ ಕಡೆಗಲ್ಲ. ಕಿಟಕಿಯಲ್ಲಿ ರಿಜಿಸ್ಟ್ರಾರರ ಹೆಂಡತಿ ಗಾಬರಿಯಿಂದ, ತುಟಿಯನ್ನು ಇನ್ನೂ ಹಾಗೇ ಇಟ್ಟುಕೊಂಡು ನಿಂತಿದ್ದರು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕೂದಲನ್ನು ಒಮ್ಮೆ ಒತ್ತಿಕೊಂಡರು. ಬಹಳ ವರ್ಷಗಳ ನಂತರ ಅವರ ಮುಖಕ್ಕೆ ನಗು ಬಂತು. ಅಭ್ಯರ್ಥಿ ಯಾರು, ಪ್ರಶ್ನೆ ಏನಿತ್ತು ಎಂಬುದನ್ನೆಲ್ಲ ಮರೆತು ಸೊನ್ನೆಯ ಜಾಗದಲ್ಲಿ ಪೂರ್ತಿ ಅಂಕ ಹಾಕಿ, "ಬಹಳ ಚೆನ್ನಾಗಿದೆ" ಎಂದು ಕಿಟಕಿಗೆ ಹೇಳಿದರು.

ಮೇಡಂ ಅಂಕ ಓದಿ ಹೇಳಿದ್ದೇ ತಡ, ಪಡಸಾಲೆಯಲ್ಲಿ ಚಪ್ಪಾಳೆ. ಅಪ್ಪ ಮಗನ ಬೆನ್ನು ತಟ್ಟಿದರು. ಟೈಲರ್ ಹೆಂಡತಿ ಮಾತ್ರ, ತಾನೂ ಕಿಟಕಿಯಲ್ಲೇ ಇದ್ದೆನಲ್ಲ ಎಂಬಂತೆ ಮುಖ ಗಂಟಿಕ್ಕಿಕೊಂಡಿದ್ದರು. ಚಪ್ಪಾಳೆ ತಟ್ಟದ ಇನ್ನೊಬ್ಬರೆಂದರೆ ರಿಜಿಸ್ಟ್ರಾರರು. ಅವರು ಕಿಟಕಿಯೊಳಗಿನ ನಗುವನ್ನೂ ಕಿಟಕಿಯ ಹೊರಗಿನ ಹೆಂಡತಿಯನ್ನೂ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡುತ್ತಿದ್ದರು.

"ಏನ್ ಸರ್, ಮುಖ ಯಾಕೋ ಸರಿಯಿಲ್ಲ" ಎಂದರು ಹೆಡ್ ಕಾನ್‌ಸ್ಟೇಬಲ್, ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತ. "ಏನಾದ್ರೂ ಕಂಪ್ಲೇಂಟ್ ಇದೆಯಾ?"

ಇದೆ ಎಂದರೆ ಸದ್ದು ಯಾರದೆಂದು ಹೇಳಬೇಕು. ಹೇಳಿದರೆ ಹುಡುಗ ಫೇಲು, ಕಟ್ಟಡದ ಮೇಲೆ ಕೇಸು, ಅದರಲ್ಲಿ ತಾವೂ ಒಬ್ಬರು.

"ಏನಿಲ್ಲ ಕಣ್ರೀ" ಎಂದರು ರಿಜಿಸ್ಟ್ರಾರರು. "ವಿದ್ಯೆ. ಬರೀ ವಿದ್ಯೆ." ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು, ಕಿಟಕಿಗೆ ಅಡ್ಡವಾಗಿ ತಾವು ನಡೆಯುತ್ತ, ಮೆಟ್ಟಿಲಿಳಿದು ಹೋದರು.

ನಾನು ಒಳಗೆ ಹೋಗಿ ಪರೀಕ್ಷಕರ ಎದುರು ನಿಂತೆ. ಅವರು ಟೈ ಸರಿಪಡಿಸಿಕೊಂಡು ಕಿಟಕಿಯನ್ನೇ ನೋಡುತ್ತಿದ್ದರು.

"ಆ ಅಮ್ಮಾವ್ರು ಇನ್ನೂ ಹೊರಗಿದ್ದಾರಾ?"

"ಇಲ್ಲ ಸರ್, ಹೊರಟುಹೋದ್ರು."

"ಹೋ" ಎಂದರು. ನಗು ಬಂದ ದಾರಿಯಲ್ಲೇ ವಾಪಸು ಹೋಯಿತು. ಪೆನ್ನು ಕೈಗೆತ್ತಿಕೊಂಡು, "ಸರಿ, ನೀನು ಏನು ಮಾಡ್ತೀಯೋ ಮಾಡು" ಎಂದರು.

ನಾನು ಮೂರೂ ಕ್ಲಿಕ್ಕುಗಳನ್ನು ತಪ್ಪಿಲ್ಲದೆ ಮಾಡಿದೆ. ನನಗೆ ಬಂದದ್ದು ಬರೀ ಪಾಸ್ ಮಾರ್ಕು.